ವಯಸ್ಸಾಯ್ತು ಅಂತ ವಸಡನ್ನು ಬಿಟ್ಟುಬಿಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಕಡೆಯವು. ಬದಿಯಡ್ಕ, ಕುಂಬಳೆ, ಪೆರ್ಲ, ಮಂಜೇಶ್ವರ. ಬರೆದವರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಕೆಲವು ಕಡೆ ಹಿರಿಯರೇ. ತೊಂದರೆ ಮಾತ್ರ ಮನೆಯ ಹಿರಿಯರದ್ದು. ವಸಡಿನಲ್ಲಿ ರಕ್ತ, ಊತ, ಅಲ್ಲಾಡುವ ಹಲ್ಲು, ಕಿತ್ತ ಜಾಗ ಬೇಗ ಮಾಗದೆ ಇರುವುದು. ಬಹುತೇಕ ಎಲ್ಲ ಪತ್ರಗಳಲ್ಲೂ ಒಂದು ಮಾತು ಇದ್ದೇ ಇದೆ: "ವಯಸ್ಸಾಯ್ತಲ್ಲ, ಇನ್ನೇನು ಮಾಡೋದು?" ಮಾಡುವುದು ತುಂಬಾ ಇದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

*

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಈಗಲೂ ತೋಟಕ್ಕೆ ಹೋಗುತ್ತಾರೆ, ಬೇರೆ ಕಾಯಿಲೆ ಏನೂ ಇಲ್ಲ. ಆದರೆ ಹಲ್ಲುಜ್ಜುವಾಗ ರಕ್ತ ಬರಲು ಶುರುವಾಗಿ ಎರಡು ವರ್ಷ ಆಯ್ತು. ಈಗ ಕೆಳಗಿನ ಮುಂದಿನ ಎರಡು ಹಲ್ಲು ಅಲ್ಲಾಡುತ್ತಿವೆ. ನೋವು ಇಲ್ಲ ಅಂತ ಡಾಕ್ಟರ ಹತ್ತಿರ ಬರಲು ಒಪ್ಪುತ್ತಿಲ್ಲ. ಈ ವಯಸ್ಸಿಗೆ ಹಲ್ಲು ಬೀಳುವುದು ಸಹಜ, ಮದ್ದು ಮಾಡಿದರೂ ವಸಡು ಮಾಗುವುದಿಲ್ಲ ಅನ್ನುತ್ತಾರೆ. ಇದು ನಿಜವಾ?
(ಬದಿಯಡ್ಕದಿಂದ ಒಬ್ಬ ಓದುಗ)

ಉತ್ತರ: ಅರ್ಧ ನಿಜ. ಆ ಅರ್ಧವನ್ನೇ ಮೊದಲು ಹೇಳುತ್ತೇನೆ.

ವಸಡಿನ ಊತಕ್ಕೆ ಮೂಲ ಕಾರಣ ಹಲ್ಲಿನ ಬುಡದಲ್ಲಿ ಕೂರುವ ಅಂಟು ಪದರ. ನಾವು ಪ್ಲಾಕ್ ಅನ್ನುತ್ತೇವೆ. ಅದು ಬರೀ ಊಟದ ಚೂರು ಅಲ್ಲ, ಜೀವಂತ ಬ್ಯಾಕ್ಟೀರಿಯಾಗಳ ಗುಂಪು. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಆರೋಗ್ಯವಾಗಿದ್ದ 12 ಜನ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನಗಳ ಒಳಗೆ ಎಲ್ಲರಿಗೂ ವಸಡು ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಇಳಿಯಿತು. ಯಾವ ಮಾತ್ರೆಯೂ ಇಲ್ಲ.

ಅವರೆಲ್ಲ ಹೆಚ್ಚಾಗಿ ಎಳೆಯರು, ಮುದುಕರ ಕಥೆ ಏನು ಅಂತ ನೀವು ಕೇಳಬಹುದು. ಅದನ್ನೂ ನೋಡಿದ್ದಾರೆ. 1975ರಲ್ಲಿ ಡೆನ್ಮಾರ್ಕಿನಲ್ಲೇ ಎಳೆಯರನ್ನೂ ವಯಸ್ಸಾದವರನ್ನೂ ಇಟ್ಟುಕೊಂಡು ಇದೇ ಥರದ ಪ್ರಯೋಗ ನಡೆಯಿತು. ವಯಸ್ಸಾದವರ ವಸಡು ಬೇಗ ಊದಿತು, ಜಾಸ್ತಿಯೂ ಊದಿತು. ನಿಮ್ಮ ತಂದೆಯವರ ಮಾತಿನಲ್ಲಿ ನಿಜ ಇರುವುದು ಇಲ್ಲಿ. ಆದರೆ ಮತ್ತೆ ಶುಚಿ ಮಾಡಲು ಶುರು ಮಾಡಿದಾಗ ವಯಸ್ಸಾದವರ ವಸಡೂ ಸರಿಹೋಯಿತು. ಇದನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ವಯಸ್ಸಾದಾಗ ಒಳಗೆ ಏನಾಗುತ್ತದೆ? ನಮ್ಮ ರಕ್ತದಲ್ಲಿ ಬ್ಯಾಕ್ಟೀರಿಯಾವನ್ನು ಹಿಡಿದು ನುಂಗುವ ಬಿಳಿ ಕಣಗಳಿವೆ, ನ್ಯೂಟ್ರೋಫಿಲ್ ಅಂತ. ವಯಸ್ಸಾದ ಮೇಲೂ ಅವು ಇರುತ್ತವೆ, ಆದರೆ ಸೋಂಕು ಇರುವ ಜಾಗಕ್ಕೆ ನೇರ ಹೋಗುವ ಚುರುಕು ಕಡಿಮೆಯಾಗುತ್ತದೆ. ದಾರಿ ತಪ್ಪಿ ಅಕ್ಕಪಕ್ಕದ ಒಳ್ಳೆ ಮಾಂಸಕ್ಕೂ ಹಾನಿ ಮಾಡುತ್ತವೆ. ಇನ್ನೊಂದು, ಮೈಯಲ್ಲಿ ಸಣ್ಣ ಮಟ್ಟದ ಉರಿಯೂತ ಯಾವಾಗಲೂ ಇದ್ದೇ ಇರುತ್ತದೆ. ಹಾಗಾಗಿ ಸ್ವಲ್ಪ ಪ್ಲಾಕ್ ಇದ್ದರೂ ವಸಡು ಜೋರಾಗಿ ಕೆಂಪಾಗುತ್ತದೆ. ಗಾಯ ಮಾಗಿಸುವ ಕಡೆಗೂ ಬದಲಾವಣೆ ಇದೆ. ಹೊಸ ನಾರು ನೇಯುವ ಜೀವಕೋಶಗಳು ನಿಧಾನವಾಗುತ್ತವೆ, ಹೊಸ ಚರ್ಮ ಮುಚ್ಚಲು ಜಾಸ್ತಿ ದಿನ ಹಿಡಿಯುತ್ತದೆ, ಸಣ್ಣ ರಕ್ತನಾಳಗಳು ಬೇಗ ಬೆಳೆಯುವುದಿಲ್ಲ. ಎಳೆಯರಲ್ಲಿ ಕೆಲವೇ ದಿನಗಳಲ್ಲಿ ಮುಚ್ಚುವ ಗಾಯಕ್ಕೆ ಹಿರಿಯರಲ್ಲಿ ಇನ್ನೂ ಕೆಲವು ದಿನ ಕೊಡಬೇಕು. ವ್ಯತ್ಯಾಸ ಅಷ್ಟೇ. ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಇನ್ನು ಉಳಿದ ಅರ್ಧ. ಹಲ್ಲು ಬೀಳುವುದಕ್ಕೆ ವಯಸ್ಸೇ ಕಾರಣ ಅನ್ನುವುದು ತಪ್ಪು. ಇದೇ ಲೋ ಅವರ ತಂಡ 1970ರಿಂದ 15 ವರ್ಷ ಶ್ರೀಲಂಕಾದ 480 ಚಹಾ ತೋಟದ ಕಾರ್ಮಿಕರ ಹಲ್ಲನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿತು. ಅವರಲ್ಲಿ ಯಾರಿಗೂ ಹಲ್ಲಿನ ಡಾಕ್ಟರು ಇರಲಿಲ್ಲ, ಬ್ರಷ್ ಅಭ್ಯಾಸವೂ ಇರಲಿಲ್ಲ. ಎಲ್ಲರ ಹಲ್ಲಿನಲ್ಲೂ ಪ್ಲಾಕ್, ಅದು ಗಟ್ಟಿಯಾಗಿ ಆಗುವ ಕಿಟ್ಟ ತುಂಬಿತ್ತು. ಆದರೂ ಶೇ. 8 ಜನರಿಗೆ ಮಾತ್ರ ರೋಗ, ಅಂದರೆ ವಸಡಿನ ಊತ ಕೆಳಗಿಳಿದು ಹಲ್ಲು ಹಿಡಿದ ಮೂಳೆಯನ್ನು ಕರಗಿಸುವುದು, ವೇಗವಾಗಿ ಬೆಳೆಯಿತು. ಶೇ. 81 ಜನರಿಗೆ ಮಧ್ಯಮ ವೇಗ. ಶೇ. 11 ಜನರಿಗೆ ಊತ ದಾಟಿ ಮುಂದೆ ಹೋಗಲೇ ಇಲ್ಲ. ವೇಗವಾಗಿ ಬೆಳೆದವರು 40–45ಕ್ಕೇ ಹಲ್ಲು ಕಳೆದುಕೊಂಡರು. ಒಂದೇ ಥರದ ತೋಟ, ಒಂದೇ ಥರದ ಕೆಲಸ, ಫಲ ಬೇರೆ ಬೇರೆ. ವಯಸ್ಸಿನ ಲೆಕ್ಕ ಒಂದೇ ಸಾಕಾಗಿದ್ದರೆ ಹೀಗೆ ಆಗುತ್ತಿರಲಿಲ್ಲ ಅಲ್ವಾ?

ಮತ್ತೆ ಮುದುಕರಲ್ಲೇ ಯಾಕೆ ಜಾಸ್ತಿ ಕಾಣುತ್ತದೆ? ಅಮೆರಿಕದ 2009–10ರ ಸಮೀಕ್ಷೆಯಲ್ಲಿ 30 ದಾಟಿದವರಲ್ಲಿ ಶೇ. 47 ಜನರಿಗೆ ಮೂಳೆ ಕರಗಿಸುವ ಈ ವಸಡಿನ ರೋಗ ಇತ್ತು, 65 ದಾಟಿದವರಲ್ಲಿ ಶೇ. 70. ಇದಕ್ಕೆ ಮುಖ್ಯ ಕಾರಣ, ಹಾನಿ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಕೂಡುತ್ತಾ ಹೋಗುವುದು. ಒಮ್ಮೆ ಹೋದ ಮೂಳೆ ತಾನಾಗಿ ತಿರುಗಿ ಬರುವುದಿಲ್ಲ. 40ರಲ್ಲಿ ಹೋದದ್ದು, 50ರಲ್ಲಿ ಹೋದದ್ದು, 60ರಲ್ಲಿ ಹೋದದ್ದು ಎಲ್ಲ ಸೇರಿ 68ಕ್ಕೆ ಹಲ್ಲು ಅಲ್ಲಾಡುತ್ತದೆ. ತೋಡಿನ ಬದಿಯ ತೆಂಗಿನ ಬುಡದ ಮಣ್ಣು ಮಳೆಗಾಲ ಮಳೆಗಾಲಕ್ಕೆ ತೊಳೆದು ಹೋದ ಹಾಗೆ.

ನೋವಿಲ್ಲ ಅಂತ ತಂದೆಯವರು ಹೇಳುವುದನ್ನು ನಂಬುತ್ತೇನೆ. ಈ ರೋಗದ ದೊಡ್ಡ ಕಷ್ಟವೇ ಅದು, ಕೊನೆಯವರೆಗೂ ನೋಯುವುದಿಲ್ಲ.

ಡಾಕ್ಟರು ಏನು ಮಾಡುತ್ತಾರೆ ಅಂತ ಗೊತ್ತಾದರೆ ಅವರ ಹೆದರಿಕೆ ಕಮ್ಮಿಯಾದೀತು. ತುದಿ ಮೊಂಡಾದ, ಮಿಲಿಮೀಟರ್ ಗುರುತು ಇರುವ ಒಂದು ತೆಳು ಕಡ್ಡಿ ಇದೆ. ಅದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲ ಇಳಿಸಿ, ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತಾರೆ. ಪಕ್ಕದಲ್ಲಿರುವ ಸಹಾಯಕರಿಗೆ ಎರಡು, ಮೂರು, ಎರಡು, ಆರು ಅಂತ ಹೇಳಿ ಬರೆಸುತ್ತಾರೆ. ಮೂರರ ತನಕ ಸರಿ. ನಾಲ್ಕು ದಾಟಿದ ಕಡೆ ಕಡ್ಡಿ ತೆಗೆದ ಕೂಡಲೇ ಒಂದು ಹನಿ ರಕ್ತ ಬಂದರೆ ಅಲ್ಲಿ ರೋಗ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಒಂದು ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಉಳಿದಿದೆ ನೋಡುತ್ತಾರೆ. ಆಮೇಲೆ ವಸಡಿನ ಕೆಳಗೆ ಬೇರಿಗೆ ಅಂಟಿದ ಕಿಟ್ಟವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ರಕ್ತ ಬರುವುದು ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆರರಿಂದ ಎಂಟು ವಾರ ಕಳೆದು ಮತ್ತೆ ಅಳೆಯುತ್ತಾರೆ. ಆರು ಇದ್ದದ್ದು ನಾಲ್ಕಕ್ಕೆ ಬಂದಿದ್ದರೆ ವಸಡು ಮಾಗಿದೆ ಅಂತ ಅರ್ಥ. ಅಲ್ಲಾಡುವ ಎರಡು ಹಲ್ಲಿಗೆ ಎಷ್ಟು ಮೂಳೆ ಆಸರೆ ಇದೆ ಅನ್ನುವುದರ ಮೇಲೆ ಅವನ್ನು ಉಳಿಸುವುದೋ ತೆಗೆಯುವುದೋ ತೀರ್ಮಾನ. ಅವೆರಡು ಹೋದರೂ ಉಳಿದ ಹಲ್ಲುಗಳನ್ನು ಕಾಪಾಡಬೇಕಲ್ಲ, ಅದಕ್ಕಾಗಿಯಾದರೂ ಈ ತಿಂಗಳೇ ಕರೆದುಕೊಂಡು ಹೋಗಿ. ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಬೇಕು. ವಯಸ್ಸಾದವರಲ್ಲಿ ಊತ ಬೇಗ ಮರಳುತ್ತದೆ ಅಂದೆನಲ್ಲ, ಈ ಮೂರು ತಿಂಗಳ ಲೆಕ್ಕ ಅದಕ್ಕೇ.

*

ಪ್ರಶ್ನೆ: 64 ವರ್ಷದ ನಾನು ಮಂಗಳೂರಿಗೆ ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಂಡೆ. ಆಮೇಲೆ ಹಲ್ಲುಗಳ ನಡುವೆ ಸಂದು ಕಾಣುತ್ತಿದೆ, ತಣ್ಣೀರು ಕುಡಿದರೆ ಜುಂ ಅನ್ನುತ್ತದೆ, ಹಲ್ಲು ಮೊದಲಿಗಿಂತ ಸಡಿಲ ಅನ್ನಿಸುತ್ತದೆ. ವಯಸ್ಸಾದ ಮೇಲೆ ಕ್ಲೀನ್ ಮಾಡಿಸಬಾರದು ಅಂತ ನೆರೆಯವರು ಹೇಳಿದ್ದು ಸರಿಯಿತ್ತೇನೋ.
(ಕುಂಬಳೆ)

ಉತ್ತರ: ನೀವು ಮಾಡಿಸಿದ್ದು ಸರಿಯಾದ ಕೆಲಸ. ಸಂದು ಮೊದಲೇ ಇತ್ತು, ಕಿಟ್ಟ ಅದನ್ನು ತುಂಬಿಕೊಂಡಿತ್ತು, ಊದಿದ ವಸಡು ಅದನ್ನು ಮುಚ್ಚಿತ್ತು. ಈಗ ಕಿಟ್ಟ ಹೋಯಿತು, ಊತ ಇಳಿಯಿತು, ವಸಡು ತನ್ನ ನಿಜವಾದ ಮಟ್ಟಕ್ಕೆ ಬಂತು. ಗಟ್ಟಿಯಾದ ಕಿಟ್ಟ ಅಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿದ್ದರಿಂದ ಅವು ಸಡಿಲವಾಗಿರುವುದು ನಿಮಗೆ ಗೊತ್ತಾಗಿರಲಿಲ್ಲ. ಮುಂದಿನ ಕೆಲವು ವಾರಗಳಲ್ಲಿ ನಾರುಗಳು ಬಿಗಿಯಾದ ಹಾಗೆ ಸ್ವಲ್ಪ ಗಟ್ಟಿಯಾಗುತ್ತವೆ.

ಜುಂ ಅನ್ನುವುದು ಬೇರು ತೆರೆದಿರುವುದರಿಂದ. ಬೇರಿನ ಮೇಲೆ ಎನಾಮಲ್ ಹೊದಿಕೆ ಇಲ್ಲ. ಸೆನ್ಸಿಟಿವ್ ಹಲ್ಲಿಗೆ ಅಂತಲೇ ಬರುವ ಪೇಸ್ಟ್ ಬಳಸಿ, ರಾತ್ರಿ ಉಜ್ಜಿದ ಮೇಲೆ ಅದನ್ನೇ ಬೆರಳಲ್ಲಿ ಸ್ವಲ್ಪ ಹಚ್ಚಿ ಮಲಗಿ. ಎರಡರಿಂದ ನಾಲ್ಕು ವಾರ ಬೇಕು. ತೆರೆದ ಬೇರು ಬೇಗ ಹುಳುಕಾಗುತ್ತದೆ, ಆದ್ದರಿಂದ ಪೇಸ್ಟಿನಲ್ಲಿ ಫ್ಲೋರೈಡ್ ಇದೆಯಾ ಅಂತ ನೋಡಿಕೊಳ್ಳಿ.

ಸಂದು ಕಾಣುತ್ತಿದೆ ಅಂದಿರಲ್ಲ, ಅಲ್ಲಿಗೆ ಸಾದಾ ಬ್ರಷ್‌ನ ನಾರು ಹೋಗುವುದಿಲ್ಲ. ಸಣ್ಣ ಬಾಟಲಿ ತೊಳೆಯುವ ಬ್ರಷ್ ಥರ ಕಾಣುವ ಇಂಟರ್‌ಡೆಂಟಲ್ ಬ್ರಷ್ ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳಿ. ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಸಂದಿಗೆ ಬಿಗಿಯಾಗಿ, ಆದರೆ ಒತ್ತಾಯ ಮಾಡದೆ ಹೋಗುವ ದಪ್ಪ ನಿಮ್ಮದು. ದಿನಕ್ಕೆ ಒಮ್ಮೆ ಸಾಕು. ಮೊದಲ ವಾರ ರಕ್ತ ಬರುತ್ತದೆ, ಹೆದರಿ ನಿಲ್ಲಿಸಬೇಡಿ. 60 ದಾಟಿದವರ ವಸಡಿಗೆ ಇಷ್ಟು ಕಡಿಮೆ ದುಡ್ಡಲ್ಲಿ ಇಷ್ಟು ಉಪಕಾರ ಮಾಡುವ ವಸ್ತು ನನಗೆ ಬೇರೆ ಗೊತ್ತಿಲ್ಲ.

*

ಪ್ರಶ್ನೆ: ಅಮ್ಮನಿಗೆ 62. ಬಿಪಿಗೆ ಮಾತ್ರೆ ತೆಗೆದುಕೊಳ್ಳಲು ಶುರು ಮಾಡಿ ಒಂದು ವರ್ಷ ಆಯ್ತು. ಈಗ ಮುಂದಿನ ಹಲ್ಲುಗಳ ನಡುವೆ ವಸಡು ಗುಳ್ಳೆ ಗುಳ್ಳೆಯಾಗಿ ದಪ್ಪ ಬೆಳೆದು ಹಲ್ಲನ್ನು ಮುಚ್ಚುತ್ತಿದೆ. ಬಾಯಿ ಒಣಗುತ್ತದೆ ಅಂತಲೂ ಹೇಳುತ್ತಾರೆ. ಕ್ಯಾನ್ಸರ್ ಇರಬಹುದಾ ಅಂತ ಭಯ.
(ಮಂಜೇಶ್ವರ)

ಉತ್ತರ: ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿ. ಆಮ್ಲೋಡಿಪಿನ್ ಅಥವಾ ನಿಫೆಡಿಪಿನ್ ಅಂತ ಇದ್ದರೆ ಕಾರಣ ಅದೇ ಇರುವ ಸಾಧ್ಯತೆ ಹೆಚ್ಚು. ಈ ಗುಂಪಿನ ಬಿಪಿ ಮಾತ್ರೆಗಳು ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್ ಕೂಡ ಹೀಗೇ ಮಾಡುತ್ತವೆ. ಎಲ್ಲರಿಗೂ ಆಗುವುದಿಲ್ಲ. ಹಲ್ಲಿನಲ್ಲಿ ಪ್ಲಾಕ್ ಇದ್ದವರಿಗೆ ಜಾಸ್ತಿ ಆಗುತ್ತದೆ, ಬೆಳೆದ ವಸಡಿನ ಸಂದಿಯಲ್ಲಿ ಮತ್ತಷ್ಟು ಪ್ಲಾಕ್ ಕೂರುತ್ತದೆ.

ಮಾತ್ರೆಯನ್ನು ನೀವಾಗಿ ನಿಲ್ಲಿಸಲೇಬೇಡಿ. ಬಿಪಿ ಏರಿದರೆ ಆಗುವ ಅನಾಹುತದ ಮುಂದೆ ವಸಡು ಏನೂ ಅಲ್ಲ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಬಾಯಿ ತೆರೆದು ತೋರಿಸಿ, "ಇದಕ್ಕೆ ಬದಲು ಬೇರೆ ಗುಂಪಿನ ಮಾತ್ರೆ ಕೊಡಬಹುದಾ?" ಅಂತ ಕೇಳಿ. ಬದಲಾಯಿಸಿದ ಮೇಲೆ ಬೆಳೆದ ವಸಡು ವಾರಗಳಿಂದ ತಿಂಗಳುಗಳಲ್ಲಿ ಇಳಿಯುತ್ತಾ ಬರುತ್ತದೆ. ಜೊತೆಗೆ ಕ್ಲೀನಿಂಗ್ ಬೇಕೇ ಬೇಕು. ಅಷ್ಟಾದರೂ ಉಳಿದರೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುತ್ತಾರೆ. ಆದರೆ ಒಂದೇ ಕಡೆ ಮಾತ್ರ ಗಡ್ಡೆ ಇದ್ದರೆ, ಹುಣ್ಣಾಗಿದ್ದರೆ, ಎರಡು ವಾರ ಕಳೆದರೂ ಮಾಗದಿದ್ದರೆ ತಡ ಮಾಡದೆ ಪರೀಕ್ಷೆ ಮಾಡಿಸಿ.

ಬಾಯಿ ಒಣಗುವುದನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಅಲರ್ಜಿ ಮಾತ್ರೆ, ಖಿನ್ನತೆಯ ಮಾತ್ರೆ ಇವೆಲ್ಲ ಜೊಲ್ಲನ್ನು ಕಡಿಮೆ ಮಾಡುತ್ತವೆ. ಜೊಲ್ಲು ಬಾಯಿಯನ್ನು ತೊಳೆಯುತ್ತದೆ, ಗಾಯ ಮಾಗಲು ಬೇಕಾದ ಅಂಶಗಳೂ ಅದರಲ್ಲಿವೆ. ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಆಗಾಗ ಗುಟುಕು ಕುಡಿಯಲಿ. ಬಾಯಿ ಒಣಗಿತು ಅಂತ ಹಗಲಿಡೀ ಪೆಪ್ಪರಮಿಂಟು ಚೀಪುವುದು, ಪುನರ್ಪುಳಿ ಶರಬತ್ತು ಕುಡಿಯುತ್ತಾ ಇರುವುದು ಬೇಡ. ಸಕ್ಕರೆ, ಹುಳಿ ಎರಡೂ ತೆರೆದ ಬೇರಿಗೆ ಕೆಟ್ಟದ್ದು.

*

ಪ್ರಶ್ನೆ: ನನಗೆ 70, ಶುಗರ್ 15 ವರ್ಷದಿಂದ ಇದೆ. ಒಂದು ದವಡೆ ಹಲ್ಲು ಕೀಳಿಸಬೇಕು. ಶುಗರ್ ಇಳಿಯದೆ ಕೀಳುವುದಿಲ್ಲ ಅನ್ನುತ್ತಾರೆ ಡಾಕ್ಟರು. ಗಾಯ ಮಾಗುವುದಿಲ್ಲ ಅಂತಲೂ ಕೇಳಿದ್ದೇನೆ. ಹೃದಯಕ್ಕೆ ಆಸ್ಪಿರಿನ್ ಮಾತ್ರೆಯೂ ಇದೆ, ಅದನ್ನು ಮುಂಚೆಯೇ ನಿಲ್ಲಿಸಬೇಕಾ?
(ಪೆರ್ಲ)

ಉತ್ತರ: ಡಾಕ್ಟರು ಹೇಳಿದ್ದು ನಿಮ್ಮ ಒಳ್ಳೆಯದಕ್ಕೇ. ಸಕ್ಕರೆ ಏರಿದ್ದಾಗ ಬಿಳಿ ಕಣಗಳ ಕೆಲಸ ಕುಂದುತ್ತದೆ, ಸಣ್ಣ ರಕ್ತನಾಳಗಳು ಹಾಳಾಗಿರುತ್ತವೆ, ಹೊಸ ನಾರು ಗಟ್ಟಿಯಾಗಿ ಬರುವುದಿಲ್ಲ. ವಯಸ್ಸಿನ ನಿಧಾನದ ಮೇಲೆ ಇದೂ ಸೇರುತ್ತದೆ. ನನ್ನ ಅನುಭವದಲ್ಲಿ ಸಕ್ಕರೆ ಹಿಡಿತದಲ್ಲಿರುವ 75ರ ಅಜ್ಜಿಯ ಗಾಯ, ಸಕ್ಕರೆ ಹಿಡಿತ ತಪ್ಪಿದ 45ರ ಮಗನ ಗಾಯಕ್ಕಿಂತ ಚೆನ್ನಾಗಿ ಮಾಗುತ್ತದೆ.

ಇನ್ನೊಂದು ಮಾತು ಶುಗರ್ ಇರುವ ಎಲ್ಲರಿಗೂ ತಿಳಿದಿರಬೇಕು. ವಸಡಿನ ಸೋಂಕು ಸಕ್ಕರೆಯನ್ನೂ ಏರಿಸುತ್ತದೆ. ಆಳವಾದ ಕ್ಲೀನಿಂಗ್ ಮಾಡಿಸಿಕೊಂಡವರಲ್ಲಿ ಮೂರು ನಾಲ್ಕು ತಿಂಗಳ ಮೇಲೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.4ರಷ್ಟು ಇಳಿದದ್ದು ಸಂಶೋಧನೆಗಳಲ್ಲಿ ಕಂಡಿದೆ. ಅಂದರೆ 8.2 ಇದ್ದದ್ದು 7.8 ಆಗಬಹುದು. ಮಾತ್ರೆ, ಪಥ್ಯ, ನಡಿಗೆ ಬಿಟ್ಟು ಇದೊಂದರಿಂದಲ್ಲ, ಅವುಗಳ ಜೊತೆಗೆ.

ಕಿತ್ತ ಮೇಲೆ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ. ಮೊದಲ ದಿನ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮಾಗುವುದೆಲ್ಲ ಅದರ ಮೇಲೆ ನಡೆಯುವುದು. ಹಾಗಾಗಿ ಒಂದು ದಿನ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಎಳನೀರು ಹೀರಬೇಡಿ, ಬೀಡಿ ಎಳೆಯಬೇಡಿ. ಬಿಸಿ ಗಂಜಿ ಆರಿಸಿ ಕುಡಿಯಿರಿ. ಎರಡನೇ ದಿನದಿಂದ ಬೆಚ್ಚಗಿನ ಉಪ್ಪುನೀರಲ್ಲಿ ಮೆಲ್ಲ ಬಾಯಿ ತೊಳೆಯಿರಿ. ಸಾಮಾನ್ಯವಾಗಿ ಮೂರು ನಾಲ್ಕು ವಾರದಲ್ಲಿ ವಸಡು ಮುಚ್ಚುತ್ತದೆ, ನಿಮಗೆ ಸ್ವಲ್ಪ ಜಾಸ್ತಿ ಹಿಡಿಯಬಹುದು. ಒಳಗೆ ಮೂಳೆ ತುಂಬಲು ತಿಂಗಳುಗಳು ಬೇಕು. ಮೂರನೇ ದಿನ ನೋವು ಇಳಿಯುವ ಬದಲು ಏರಿದರೆ, ವಾಸನೆ ಬಂದರೆ, ಜ್ವರ ಬಂದರೆ ತಿರುಗಿ ಹೋಗಿ.

ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ. ಒಂದು ಹಲ್ಲು ಕೀಳುವಾಗ ಬರುವ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ ಹೃದಯಕ್ಕೆ ಏನಾದರೂ ಆದರೆ ಅದು ದೊಡ್ಡ ಅಪಾಯ. ಇನ್ನೂ ಒಂದು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ಅಥವಾ ವರ್ಷಕ್ಕೊಮ್ಮೆ ಹಾಕುವ ಜೋಲೆಡ್ರೊನಿಕ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಹಲ್ಲು ಕೀಳುವ ಮೊದಲೇ ಹೇಳಿ. ಇಂಥವರಲ್ಲಿ ಅಪರೂಪಕ್ಕೆ ದವಡೆ ಮೂಳೆ ಮಾಗದೆ ತೆರೆದೇ ಉಳಿಯುತ್ತದೆ. ನಮ್ಮ ಕಡೆ ಅರ್ಧ ಮದ್ದು ಕಾಸರಗೋಡಿನಲ್ಲಿ, ಅರ್ಧ ಮಂಗಳೂರಿನಲ್ಲಿ, ಒಂದು ಚೀಟಿ ಮಲಯಾಳದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ. ಒಬ್ಬ ಡಾಕ್ಟರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಅದೇ ಸುಲಭ.

*

ಪ್ರಶ್ನೆ: ಅಜ್ಜ 78ರಲ್ಲೂ ಹೊಗೆಸೊಪ್ಪು ಹಾಕಿ ಎಲೆ ತಿನ್ನುತ್ತಾರೆ. ಎಲೆ ತಿನ್ನುವುದರಿಂದಲೇ ವಸಡು ಗಟ್ಟಿಯಾಗಿದೆ, ಒಂದು ಹನಿ ರಕ್ತ ಬರುವುದಿಲ್ಲ ಅನ್ನುತ್ತಾರೆ. ವಾದಕ್ಕೆ ನಮಗೆ ಉತ್ತರ ಇಲ್ಲ.
(ಮುಳ್ಳೇರಿಯ)

ಉತ್ತರ: ಅಡಿಕೆ ನಮ್ಮ ಊರಿನ ಅನ್ನ. ಅಂಗಳದಲ್ಲಿ ಅಡಿಕೆ ಒಣಗದ ಮನೆ ನಿಮ್ಮ ಕಡೆ ಇಲ್ಲ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ.

ತಂಬಾಕಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ರೋಗ ಇದ್ದರೂ ರಕ್ತ ಹೊರಗೆ ಕಾಣುವುದಿಲ್ಲ, ಬೀಡಿ ಸಿಗರೇಟು ಸೇದುವವರಲ್ಲಿ ಇದು ಚೆನ್ನಾಗಿ ಗೊತ್ತಿರುವ ವಿಷಯ. ರಕ್ತ ಬರುವುದು ವಸಡು ಕೊಡುವ ಮೊದಲ ಎಚ್ಚರಿಕೆ, ಆ ಎಚ್ಚರಿಕೆಯೇ ಅವರಿಗೆ ಸಿಗುವುದಿಲ್ಲ. ರಕ್ತ ಸರಿಯಾಗಿ ಬರದ ಜಾಗ ಮಾಗುವುದೂ ನಿಧಾನ. ಹೊಗೆಸೊಪ್ಪನ್ನು ಇಟ್ಟುಕೊಳ್ಳುವ ಕಡೆ ವಸಡು ಕೆಳಗೆ ಸರಿದು ಬೇರು ಕಾಣುತ್ತಿದೆಯಾ ನೋಡಿ.

ಅಡಿಕೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಹಾಕಿದ ಎಲೆ ಅಡಿಕೆಯನ್ನೂ, ತಂಬಾಕು ಇಲ್ಲದ ಎಲೆ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಹಾಕಿದೆ. ಅಡಿಕೆಯಿಂದ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿ ಬಾಯಿ ತೆರೆಯಲು ಕಷ್ಟವಾಗುವುದನ್ನು ನಮ್ಮ ಕಡೆ ಎಷ್ಟೋ ಜನರಲ್ಲಿ ನೋಡುತ್ತೇನೆ. 78ರ ಅಜ್ಜನಿಗೆ ಒಮ್ಮೆಲೇ ಎಲ್ಲ ಬಿಡಿ ಅಂದರೆ ಬಿಡಲಾರರು. ಮೊದಲು ಹೊಗೆಸೊಪ್ಪು ಬಿಡಿಸಿ. ಎಲೆಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಮಲಗುವ ಅಭ್ಯಾಸ ಇದ್ದರೆ ಅದನ್ನು ಇವತ್ತೇ ತಪ್ಪಿಸಿ. ಮತ್ತೆ ವಾರಕ್ಕೊಮ್ಮೆ ಬೆಳಕಿಗೆ ಕೂರಿಸಿ ಬಾಯಿಯೊಳಗೆ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಮಾಗದ ಹುಣ್ಣು ಕಂಡರೆ ಕಾಯಬೇಡಿ.

*

ಪ್ರಶ್ನೆ: ಮಾವಿನ ಎಲೆ, ಉಮಿಕರಿ, ಉಪ್ಪು. ವಯಸ್ಸಾದವರಿಗೆ ಇವುಗಳಲ್ಲಿ ಯಾವುದು ಒಳ್ಳೆಯದು?
(ಉಪ್ಪಳ)

ಉತ್ತರ: ಮಾವಿನ ಎಲೆ ಹಲ್ಲಿನ ಮೇಲ್ಮೈಯನ್ನು ಒರೆಸುತ್ತದೆ, ಸಂದಿಗೆ ಹೋಗುವುದಿಲ್ಲ. ಉಮಿಕರಿ ತರಿ ತರಿಯಾಗಿರುತ್ತದೆ, ತೆರೆದ ಬೇರನ್ನು ಬೇಗ ಸವೆಸುತ್ತದೆ, ವಯಸ್ಸಾದವರಿಗೆ ಬೇಡವೇ ಬೇಡ. ಉಪ್ಪು ಉಜ್ಜಲು ಬೇಡ, ಬಾಯಿ ಮುಕ್ಕಳಿಸಲು ಒಳ್ಳೆಯದು. ಮೆದು ಬ್ರಷ್, ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ. ಕೈ ಗಂಟು ನೋವಿನಿಂದ ಬ್ರಷ್ ಹಿಡಿಯಲಾಗದಿದ್ದರೆ ಹಿಡಿಗೆ ಹಳೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ, ಅಥವಾ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ ತೂರಿಸಿ.

*

ಪ್ರಶ್ನೆ: ಅತ್ತೆ ಪಾರ್ಶ್ವವಾಯು ಆಗಿ ಹಾಸಿಗೆಯಲ್ಲೇ ಇದ್ದಾರೆ. ವಸಡು ಮುಟ್ಟಿದರೆ ರಕ್ತ ಬರುತ್ತದೆ ಅಂತ ನಾನು ಬರೀ ಬಟ್ಟೆಯಲ್ಲಿ ಒರೆಸುತ್ತಿದ್ದೇನೆ. ಬ್ರಷ್ ಮಾಡಿದರೆ ನೀರು ನೆತ್ತಿಗೇರುತ್ತದೇನೋ ಅಂತ ಹೆದರಿಕೆ.
(ನೀರ್ಚಾಲು)

ಉತ್ತರ: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಈ ಪತ್ರ ಓದಿ ನಿಮ್ಮ ಮೇಲೆ ಗೌರವ ಬಂತು. ಆದರೆ ಬ್ರಷ್ ಮಾಡಲೇಬೇಕು. ರಕ್ತ ಬರುತ್ತಿರುವುದು ಪ್ಲಾಕ್ ಉಳಿದಿರುವುದರಿಂದ, ತೆಗೆದರೆ ಕೆಲವು ದಿನಗಳಲ್ಲಿ ನಿಲ್ಲುತ್ತದೆ.

ತಲೆಯ ಕಡೆ ದಿಂಬು ಏರಿಸಿ ಕೂರಿಸಿದ ಹಾಗೆ ಮಾಡಿ. ಆಗದಿದ್ದರೆ ಒಂದು ಬದಿಗೆ ಮಲಗಿಸಿ, ಗಲ್ಲ ಸ್ವಲ್ಪ ಕೆಳಗೆ ಬಾಗಿರಲಿ. ಕೆನ್ನೆಯ ಕೆಳಗೆ ಟವೆಲ್ ಹಾಕಿ. ಚಿಕ್ಕ ತಲೆಯ ಮೆದು ಬ್ರಷ್ ಒದ್ದೆ ಮಾಡಿ ನೀರು ಚೆನ್ನಾಗಿ ಕೊಡವಿ, ಕಡಲೆಯಷ್ಟು ಪೇಸ್ಟ್ ಸಾಕು. ನೀವು ಅವರ ಮುಂದೆ ನಿಲ್ಲುವ ಬದಲು ತಲೆಯ ಹಿಂದೆ ಅಥವಾ ಬದಿಯಲ್ಲಿ ನಿಂತರೆ ಕೈಗೆ ಸುಲಭ. ಎಡಗೈ ಬೆರಳಲ್ಲಿ ತುಟಿ ಮತ್ತು ಕೆನ್ನೆಯನ್ನು ಮೆಲ್ಲ ಸರಿಸಿ. ಬ್ರಷ್‌ನ ನಾರು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಇರಲಿ, ಅಲ್ಲೇ ಸಣ್ಣಗೆ ಅಲುಗಿಸಿ. ಪಾರ್ಶ್ವವಾಯು ಆದ ಬದಿಯ ಕೆನ್ನೆಯಲ್ಲಿ ಅನ್ನ ಉಳಿದುಕೊಂಡಿರುತ್ತದೆ, ಅವರಿಗೆ ಅದು ಗೊತ್ತಾಗುವುದಿಲ್ಲ. ಮೊದಲು ಅದನ್ನು ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ತೆಗೆಯಿರಿ. ನೊರೆ ಬಂದ ಹಾಗೆ ಬಟ್ಟೆಯಲ್ಲಿ ಒರೆಸುತ್ತಾ ಹೋಗಿ, ಬಾಯಿಗೆ ನೀರು ಹೊಯ್ಯುವ ಅಗತ್ಯವೇ ಇಲ್ಲ. ಕೊನೆಗೆ ನಾಲಗೆ ಒರೆಸಿ, ತುಟಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ. ಬಾಯಿ ತೆರೆಯಲು ಒಪ್ಪದ ದಿನ ಒತ್ತಾಯ ಬೇಡ, ಸಂಜೆ ಮತ್ತೆ ನೋಡಿ.

ಇದು ವಸಡಿಗೆ ಮಾತ್ರ ಅಲ್ಲ. ಮಲಗಿದ್ದಲ್ಲೇ ಇರುವವರ ಬಾಯಿಯ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಬರುತ್ತದೆ. 1999ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ 11 ವೃದ್ಧಾಶ್ರಮಗಳ ಹಿರಿಯರನ್ನು ಎರಡು ವರ್ಷ ಗಮನಿಸಿದರು. ನೋಡಿಕೊಳ್ಳುವವರು ಊಟವಾದ ಮೇಲೆ ಹಲ್ಲುಜ್ಜಿದ ಗುಂಪಿನಲ್ಲಿ ಶೇ. 11 ಜನರಿಗೆ ನ್ಯುಮೋನಿಯ ಬಂತು, ಹಾಗೆ ಮಾಡದ ಗುಂಪಿನಲ್ಲಿ ಶೇ. 19. ನೀವು ದಿನವೂ ಮಾಡುವ ಈ ಕೆಲಸದ ಬೆಲೆ ಇಷ್ಟು. ನಿಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದಾಗ ಅವರಿಂದ ಒಮ್ಮೆ ಕೈಹಿಡಿದು ತೋರಿಸಿಕೊಳ್ಳಿ. ಕನ್ನಡ ಬಾರದಿದ್ದರೂ ಕೈ ನೋಡಿದರೆ ಗೊತ್ತಾಗುತ್ತದೆ.

*

ಪ್ರಶ್ನೆ: ನನಗೆ 71. ಹಲ್ಲು ಎಲ್ಲಾ ಹೋಗಿದೆ. ಇನ್ನು ವಸಡಿನ ಚಿಂತೆ ಇಲ್ಲ ಅಲ್ವಾ? ಸೆಟ್ ಕಟ್ಟಿಸಲು ದುಡ್ಡಿಲ್ಲ, ರೇಷನ್ ಕಾರ್ಡು ಬಿಪಿಎಲ್.
(ಬಾಯಾರು)

ಉತ್ತರ: ಹಲ್ಲು ಹೋದ ಮೇಲೂ ವಸಡನ್ನು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ 'ಮಂದಹಾಸಂ' ಯೋಜನೆ ಇರುವುದೇ ನಿಮ್ಮಂಥವರಿಗಾಗಿ. 60 ದಾಟಿದ ಬಿಪಿಎಲ್ ಹಿರಿಯರಿಗೆ ಹಲ್ಲಿನ ಸೆಟ್ ಉಚಿತವಾಗಿ ಕಟ್ಟಿಸಿಕೊಡುತ್ತಾರೆ. ಹತ್ತಿರದ ಅಕ್ಷಯ ಕೇಂದ್ರದಲ್ಲಿ ಅಥವಾ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಲ್ಲಿ ಕೇಳಿ. ಅರ್ಜಿಯ ಮಲಯಾಳ ಓದಲು ಕಷ್ಟವಾದರೆ ವಾರ್ಡ್ ಮೆಂಬರರನ್ನು ಜೊತೆಗೆ ಕರೆದುಕೊಂಡು ಹೋಗಿ.

ಸೆಟ್ ಸಿಕ್ಕಿದ ಮೇಲೆ ರಾತ್ರಿ ತೆಗೆದು, ಬ್ರಷ್‌ನಲ್ಲಿ ಉಜ್ಜಿ, ನೀರಿನಲ್ಲಿ ಹಾಕಿಡಿ. ಹಾಕಿಕೊಂಡೇ ಮಲಗಿದರೆ ಅಂಗುಳ ಕೆಂಪಾಗಿ ಫಂಗಸ್ ಬರುತ್ತದೆ. ಹೊಸ ಸೆಟ್ ಒತ್ತಿ ಹುಣ್ಣಾದರೆ ಕತ್ತಿಯಲ್ಲಿ ಕೆರೆದು ನೀವೇ ಸರಿ ಮಾಡಬೇಡಿ, ಕಟ್ಟಿದವರ ಹತ್ತಿರವೇ ತೆಗೆದುಕೊಂಡು ಹೋಗಿ. ಅವರು ಒತ್ತುವ ಕಡೆಯಲ್ಲಿ ಸ್ವಲ್ಪ ತೀಡಿ ಕೊಡುತ್ತಾರೆ, ಹುಣ್ಣು ಒಂದು ವಾರದಲ್ಲಿ ಮಾಗುತ್ತದೆ. ಎರಡು ವಾರವಾದರೂ ಮಾಗದಿದ್ದರೆ ಸೆಟ್ ಹಾಕುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ.